ಗ್ರೇಸ್‌ಲ್ಯಾಂಡ್: ಒಂದು ಕ್ಯಾಸೆಟ್, ಒಂದು ಬಹಿಷ್ಕಾರ, ಮತ್ತೆ ದುಡ್ಡಿನ ಲೆಕ್ಕ

ಈ ಸಲದ ಕಂತು ಒಂದು ಪಾಪ್ ಆಲ್ಬಂ ಬಗ್ಗೆ. ಹೆಸರು 'ಗ್ರೇಸ್‌ಲ್ಯಾಂಡ್'. ಬಂದಿದ್ದು 1986ರ ಆಗಸ್ಟ್‌ನಲ್ಲಿ. ಕವರ್ ಮೇಲೆ ಇರೋದು ಒಂದೇ ಹೆಸರು, ಅಮೆರಿಕದ ಪಾಲ್ ಸೈಮನ್. ಆದರೆ ಹಾಕಿ ಕೇಳಿದ್ರೆ ಒಳಗೆ ಒಂದು ಊರಿಗೆ ಊರೇ ಇದೆ. ಜುಲು ಭಾಷೆಯಲ್ಲಿ ಹಾಡೋ ಗಂಡಸರ ಮೇಳ, ಲೆಸೊಥೊ ಬೆಟ್ಟಗಳ ಕಡೆಯ ಅಕಾರ್ಡಿಯನ್, ಶಾಂಗಾನ್ ಹೆಣ್ಣುಮಕ್ಕಳ ಕೋರಸ್, ಸೆನೆಗಲ್‌ನ ಯೂಸು ಎನ್‌ಡೂರ್, ಅಮೆರಿಕದ ಲೂಸಿಯಾನಾ ಸೀಮೆಯ ಒಂದು ಬ್ಯಾಂಡು, ಲಾಸ್ ಏಂಜಲೀಸ್‌ನ ಇನ್ನೊಂದು. ಸ್ಪಾಟಿಫೈ, ಯೂಟ್ಯೂಬ್ ಎಲ್ಲ ಕಡೆ ಸಿಗುತ್ತೆ. ಕೇಳೋಕೆ ಖುಷಿಯ ಆಲ್ಬಂ, ಕಾಲು ತಾನಾಗೇ ಕುಣಿಯುತ್ತೆ. ಇಂಥ ಆಲ್ಬಂ ಮಾಡಿದವರ ಕಛೇರಿ ಮುಂದೆ ಲಂಡನ್‌ನಲ್ಲಿ ಜನ ಧಿಕ್ಕಾರ ಕೂಗಿದ್ದು ಯಾಕೆ ಅನ್ನೋದೇ ಇವತ್ತಿನ ಕತೆ.

ಮೊದಲು ಕ್ಯಾಸೆಟ್ ವಿಷಯ.

ಪಾಲ್ ಸೈಮನ್ ಅಂದ್ರೆ ಅರವತ್ತರ ದಶಕದ 'ಸೈಮನ್ ಆ್ಯಂಡ್ ಗಾರ್ಫಂಕಲ್' ಜೋಡಿಯ ಸೈಮನ್. ದೊಡ್ಡ ಹೆಸರು. ಆದ್ರೆ 1983ರಲ್ಲಿ ಬಂದ ಅವರ ಆಲ್ಬಂ ಮಾರ್ಕೆಟ್‌ನಲ್ಲಿ ಮಕಾಡೆ ಮಲಗಿತ್ತು. ಮದುವೆಯೂ ಮುರಿದಿತ್ತು. ವಯಸ್ಸು ನಲವತ್ತು ದಾಟಿತ್ತು. ಪಾಪ್ ಲೋಕದಲ್ಲಿ ನಲವತ್ತು ಅಂದ್ರೆ ನಿವೃತ್ತಿ ಅಂಚು. ಆ ಹೊತ್ತಿನಲ್ಲಿ, 1984ರಲ್ಲಿ, ಹೈಡಿ ಬರ್ಗ್ ಅನ್ನೋ ಯುವ ಗಾಯಕಿ ಅವರಿಗೆ ಒಂದು ಕ್ಯಾಸೆಟ್ ಕೊಟ್ಟರು. ಕಂಪನಿ ಕ್ಯಾಸೆಟ್ ಅಲ್ಲ, ಯಾರೋ ಕಾಪಿ ಹೊಡೆದಿದ್ದು. ದಕ್ಷಿಣ ಆಫ್ರಿಕಾದ ಟೌನ್‌ಶಿಪ್‌ಗಳ ಸಂಗೀತ. ಸೈಮನ್ ಕಾರಲ್ಲಿ ಓಡಾಡ್ತಾ ಅದನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೇಳಿದರು. ಯಾರು ನುಡಿಸಿದ್ದಾರೆ ಗೊತ್ತಿಲ್ಲ, ಯಾವ ಭಾಷೆ ಗೊತ್ತಿಲ್ಲ. ಅದರ ಮೇಲೆ ತಮ್ಮದೇ ರಾಗ ಗುನುಗೋಕೆ ಶುರು ಮಾಡಿದರು. ಆಮೇಲೆ ರೆಕಾರ್ಡ್ ಕಂಪನಿ ಮೂಲಕ ವಿಚಾರಿಸಿದಾಗ ಗೊತ್ತಾಯ್ತು, ಅದರಲ್ಲಿ ಅವರನ್ನ ಹಿಡಿದಿಟ್ಟ ಟ್ಯೂನ್ ಬೊಯೊಯೊ ಬಾಯ್ಸ್ ಅನ್ನೋ ತಂಡದ್ದು.

ಈಗಿನ ಕಾಲ ಆಗಿದ್ರೆ ಆ ಟ್ಯೂನ್ ಸ್ಯಾಂಪಲ್ ಮಾಡಿ, ಲೈಸೆನ್ಸ್ ತಗೊಂಡು, ಮನೇಲೇ ಕೂತು ಹಾಡು ಮುಗಿಸಬಹುದಿತ್ತು. ಸೈಮನ್ ಜೊಹಾನ್ಸ್‌ಬರ್ಗ್‌ಗೇ ಹೊರಟರು. ತಕರಾರು ಶುರುವಾಗೋದು ಅಲ್ಲಿಂದ.

ದಕ್ಷಿಣ ಆಫ್ರಿಕಾದಲ್ಲಿ ಆಗ ವರ್ಣಭೇದ ಸರ್ಕಾರ. ಕಪ್ಪು ಜನಕ್ಕೆ ವೋಟಿಲ್ಲ, ಬಿಳಿಯರ ಏರಿಯಾದಲ್ಲಿ ಮನೆ ಇಲ್ಲ, ನಗರದಲ್ಲಿ ಓಡಾಡೋಕೆ ಪಾಸ್ ಬೇಕು. ನೆಲ್ಸನ್ ಮಂಡೇಲಾ ಇಪ್ಪತ್ತು ವರ್ಷದಿಂದ ಜೈಲಲ್ಲಿದ್ದರು. ಆ ಸರ್ಕಾರವನ್ನ ಒಂಟಿ ಮಾಡಬೇಕು ಅಂತ ಪ್ರಪಂಚದ ಬೇರೆ ಬೇರೆ ದೇಶಗಳು ವ್ಯಾಪಾರ, ಕ್ರೀಡೆ ಎರಡರಲ್ಲೂ ಬಹಿಷ್ಕಾರ ಹಾಕಿದ್ದವು. ಈ ಕೆಲಸ ಮೊದಲು ಶುರು ಮಾಡಿದ್ದು ನಮ್ಮ ದೇಶ. 1946ರಲ್ಲೇ, ಅಂದ್ರೆ ನಮಗಿನ್ನೂ ಸ್ವಾತಂತ್ರ್ಯ ಬರೋ ಮೊದಲೇ, ಭಾರತ ದಕ್ಷಿಣ ಆಫ್ರಿಕಾ ಜೊತೆ ವ್ಯಾಪಾರ ನಿಲ್ಲಿಸಿತ್ತು. 1974ರಲ್ಲಿ ನಮ್ಮ ಟೆನಿಸ್ ತಂಡ ಡೇವಿಸ್ ಕಪ್ ಫೈನಲ್ ತಲುಪಿತ್ತು. ಎದುರಾಳಿ ದಕ್ಷಿಣ ಆಫ್ರಿಕಾ. ನಾವು ಆಡಲೇ ಇಲ್ಲ. ಕಪ್ ಅವರ ಪಾಲಾಯ್ತು. ಅಮೃತರಾಜ್ ಸಹೋದರರ ಆ ತಂಡಕ್ಕೆ ಕಪ್ ಗೆಲ್ಲೋ ಒಳ್ಳೇ ಅವಕಾಶ ಇತ್ತು, ಆದರೂ ಬಿಟ್ಟುಕೊಟ್ಟರು. ಬಹಿಷ್ಕಾರ ಅಂದ್ರೆ ಏನು ಅಂತ ಅರ್ಥ ಮಾಡ್ಕೊಳ್ಳೋಕೆ ನನಗೆ ಇದಕ್ಕಿಂತ ಒಳ್ಳೇ ಉದಾಹರಣೆ ಸಿಕ್ಕಿಲ್ಲ. ಹಾಕೋರಿಗೂ ನಷ್ಟ ಇದೆ. ನಷ್ಟ ಇಲ್ಲದಿದ್ರೆ ಅದು ಬರೀ ಹೇಳಿಕೆ.

1980ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಇದನ್ನ ಕಲೆಗೂ ವಿಸ್ತರಿಸಿತು. ಲೇಖಕರು, ಸಂಗೀತಗಾರರು, ಯಾರೂ ಅಲ್ಲಿಗೆ ಹೋಗಬಾರದು ಅಂತ ಕರೆ. ಆದರೂ ಕೆಲವರು ಹೋಗ್ತಾನೇ ಇದ್ದರು. ಸನ್ ಸಿಟಿ ಅಂತ ಒಂದು ಐಷಾರಾಮಿ ರೆಸಾರ್ಟ್ ಇತ್ತು, ಅಲ್ಲಿ ಹಾಡಿದ್ರೆ ಭಾರಿ ದುಡ್ಡು. ಕ್ವೀನ್ ಬ್ಯಾಂಡ್ 1984ರಲ್ಲಿ ಹೋಗಿ ಹಾಡಿ ಬಂದು ಉಗಿಸಿಕೊಂಡಿತು. ಸನ್ ಸಿಟಿಗೆ ತಮ್ಮನ್ನೂ ಕರೆದಿದ್ದರು, ಒಪ್ಪಲಿಲ್ಲ ಅಂತ ಸೈಮನ್ ಹೇಳಿಕೊಂಡಿದ್ದಾರೆ. ಅವರ ವಾದ ಇಷ್ಟು: ನಾನು ಬಿಳಿಯರ ಮುಂದೆ ಕಛೇರಿ ಕೊಡೋಕೆ ಹೋಗ್ತಿಲ್ಲ, ಕಪ್ಪು ಸಂಗೀತಗಾರರ ಜೊತೆ ರೆಕಾರ್ಡ್ ಮಾಡೋಕೆ ಹೋಗ್ತಿದೀನಿ, ಅವರ ಯೂನಿಯನ್ನೇ ಬಾ ಅಂತ ವೋಟ್ ಹಾಕಿದೆ.

ಹೊರಡೋ ಮೊದಲು ಅವರು ಹ್ಯಾರಿ ಬೆಲಫಾಂಟೆ ಅವರನ್ನ ಕೇಳಿದ್ದರು. ಬೆಲಫಾಂಟೆ ದೊಡ್ಡ ಗಾಯಕ, ವರ್ಣಭೇದದ ವಿರುದ್ಧ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರು ಕೊಟ್ಟ ಸಲಹೆ ಸರಳ: ಮಂಡೇಲಾ ಅವರ ಪಕ್ಷ, ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಅಂದ್ರೆ ಎಎನ್‌ಸಿ, ಅವರ ಹತ್ರ ಮಾತಾಡಿ ಒಪ್ಪಿಗೆ ತಗೊಂಡು ಹೋಗಿ. ಸೈಮನ್ ಕೇಳಲಿಲ್ಲ. 1985ರ ಫೆಬ್ರವರಿಯಲ್ಲಿ ತಮ್ಮ ಸೌಂಡ್ ಎಂಜಿನಿಯರ್ ರಾಯ್ ಹ್ಯಾಲಿ ಜೊತೆ ವಿಮಾನ ಹತ್ತಿದರು. ಕಲಾವಿದ ಯಾಕೆ ಒಂದು ಪಕ್ಷದ ಅನುಮತಿ ಕೇಳಬೇಕು ಅನ್ನೋದು ಅವರ ನಿಲುವು. ಬಹಳ ವರ್ಷ ಆದ ಮೇಲೂ ಇದೇ ಮಾತು ಹೇಳಿದ್ದಾರೆ.

ಈಗ ಸ್ಟುಡಿಯೋ ಒಳಗೆ ಬನ್ನಿ. ಜೊಹಾನ್ಸ್‌ಬರ್ಗ್‌ನ ಓವೇಶನ್ ಸ್ಟುಡಿಯೋ, ಸುಮಾರು ಎರಡು ವಾರದ ಕೆಲಸ. ಒಂದೊಂದು ತಂಡ ಬರುತ್ತೆ, ತಮ್ಮ ತಮ್ಮ ಸೀಮೆಯ ಸಂಗೀತ ನುಡಿಸುತ್ತೆ, ಟೇಪ್ ಓಡ್ತಾ ಇರುತ್ತೆ. ಸೈಮನ್ ಕೈಯಲ್ಲಿ ಹಾಡಿಲ್ಲ, ಸಾಹಿತ್ಯ ಇಲ್ಲ. ಮೊದಲು ತಾಳ, ಗಿಟಾರ್, ಬೇಸ್ ಎಲ್ಲ ರೆಕಾರ್ಡ್ ಮಾಡ್ಕೊಂಡು, ನ್ಯೂಯಾರ್ಕ್‌ಗೆ ವಾಪಸ್ ಹೋಗಿ ಅದರ ಮೇಲೆ ಮಾತು ಕೂರಿಸಿದರು. ನಮ್ಮ ಸಿನಿಮಾದಲ್ಲಿ ಟ್ಯೂನ್ ಕೊಟ್ಟು ಆಮೇಲೆ ಸಾಹಿತ್ಯ ಬರೆಸ್ತಾರಲ್ಲ, ಹಾಗೆ. ಆದರೆ ಇಲ್ಲಿ ಟ್ಯೂನ್ ಯಾರದ್ದು ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ. ಅದಕ್ಕೆ ಆಮೇಲೆ ಬರ್ತೀನಿ.

ಆ ರೂಮಲ್ಲಿ ಯಾರಿದ್ದರು? ಗಿಟಾರ್‌ಗೆ ರೇ ಫಿರಿ, 'ಸ್ಟಿಮೇಲಾ' ಬ್ಯಾಂಡಿನ ನಾಯಕ, ಅಲ್ಲಿ ಆಗಲೇ ಸ್ಟಾರ್. ಡ್ರಮ್ಸ್‌ಗೆ ಐಸಾಕ್ ಮ್ಟ್ಶಾಲಿ. ಬೇಸ್ ಗಿಟಾರ್‌ಗೆ ಬಕಿತಿ ಕುಮಾಲೊ. ಕುಮಾಲೊ ಆಗ ಹೊಟ್ಟೆಪಾಡಿಗೆ ಗ್ಯಾರೇಜಲ್ಲಿ ಮೆಕ್ಯಾನಿಕ್ ಕೆಲಸ ಮಾಡ್ತಿದ್ದರು. ಅವರದ್ದು ಫ್ರೆಟ್ ಇಲ್ಲದ ಬೇಸ್, ಮನುಷ್ಯ ಗಂಟಲು ಎಳೆದು ಮಾತಾಡಿದ ಹಾಗೆ ಕೇಳಿಸುತ್ತೆ. 'ಯೂ ಕ್ಯಾನ್ ಕಾಲ್ ಮಿ ಆಲ್' ಹಾಡು ರೀಲ್ಸ್‌ನಲ್ಲಾದರೂ ಕೇಳಿರ್ತೀರ. ಅದರ ಕೊನೆ ಭಾಗದಲ್ಲಿ ಕೆಲವೇ ಸೆಕೆಂಡಿನ ಒಂದು ಬೇಸ್ ಸೋಲೋ ಇದೆ. ಅರ್ಧ ಮಾತ್ರ ಕುಮಾಲೊ ನುಡಿಸಿದ್ದು. ಉಳಿದರ್ಧ ಅದೇ ಟೇಪನ್ನ ಹ್ಯಾಲಿ ಉಲ್ಟಾ ತಿರುಗಿಸಿ ಅಂಟಿಸಿದ್ದು. ಅದಕ್ಕೇ ಯಾವ ಬೇಸ್ ವಾದಕನಿಗೂ ಅದನ್ನ ಸರಿಯಾಗಿ ನುಡಿಸೋಕೆ ಬೆವರಿಳಿಯುತ್ತೆ.

ಸಂಜೆ ಆಗ್ತಿದ್ದ ಹಾಗೆ ಆ ರೂಮಿನ ಹವಾ ಬದಲಾಗ್ತಿತ್ತಂತೆ. ಕತ್ತಲಾದ ಮೇಲೆ ಬಿಳಿಯರ ಏರಿಯಾದಲ್ಲಿ ಸಿಕ್ಕಿಬಿದ್ರೆ ಪೊಲೀಸ್ ಕೇಳ್ತಾರೆ, ಮನೆಗೆ ಹೋಗೋಕೆ ಗಾಡಿ ಸಿಗಲ್ಲ. ಆಲ್ಬಂನಲ್ಲಿ ಕೇಳಿಸೋ ಆ ನಿರಾಳ ನಗುವಿನ ಸಂಗೀತ ಹುಟ್ಟಿದ್ದು ಗಡಿಯಾರ ನೋಡ್ತಾ ಕೂತವರ ಕೈಯಲ್ಲಿ.

ನಾನು ಬಿಕಾಂ ಓದಿದವನು, ದುಡ್ಡಿನ ವಿಷಯ ಬಿಟ್ಟು ಮುಂದೆ ಹೋಗೋಕೆ ಆಗಲ್ಲ. ಸೈಮನ್ ಈ ವಾದ್ಯಗಾರರಿಗೆ ಕೊಟ್ಟಿದ್ದು ನ್ಯೂಯಾರ್ಕ್ ಯೂನಿಯನ್ ದರದ ಮೂರು ಪಟ್ಟು, ಗಂಟೆಗೆ ಸುಮಾರು 196 ಡಾಲರ್. ಜೊಹಾನ್ಸ್‌ಬರ್ಗ್‌ನಲ್ಲಿ ಆಗ ಕಪ್ಪು ಸೆಷನ್ ವಾದ್ಯಗಾರನಿಗೆ ಸಿಗ್ತಿದ್ದದ್ದು ದಿನಕ್ಕೆ 15 ಡಾಲರ್ ಅಷ್ಟೆ. ಭಾಗಿಸಿ ನೋಡಿ. ಒಂದು ಗಂಟೆಯ ಕೂಲಿ ಹದಿಮೂರು ದಿನದ ಸಂಬಳಕ್ಕೆ ಸಮ. ಇದರ ಮೇಲೆ, ತಮ್ಮ ಟ್ಯೂನ್ ಬಳಸಿದ ಕೆಲವರಿಗೆ ರಚನೆಯಲ್ಲಿ ಪಾಲು ಕೊಟ್ಟರು. ಮೊದಲ ಹಾಡಲ್ಲಿ ಲೆಸೊಥೊದ ಅಕಾರ್ಡಿಯನ್ ವಾದಕ ಫೊರೆರೆ ಮೊಟ್ಲೊಹೆಲೊವಾ ಹೆಸರಿದೆ. ಶಾಂಗಾನ್ ಶೈಲಿಯ ಹಾಡಲ್ಲಿ ಜನರಲ್ ಎಂ.ಡಿ. ಶಿರಿಂಡಾ ಹೆಸರಿದೆ. 'ಹೋಮ್‌ಲೆಸ್' ಹಾಡಲ್ಲಿ ಜೋಸೆಫ್ ಶಬಲಾಲ ಹೆಸರಿದೆ.

ಇದು ಯಾಕೆ ದೊಡ್ಡ ವಿಷಯ ಅಂತ ತಿಳಿಯೋಕೆ ಇನ್ನೊಂದು ಹಾಡಿನ ಜಾತಕ ನೋಡಬೇಕು. 1939ರಲ್ಲಿ ಸೊಲೊಮನ್ ಲಿಂಡಾ ಅನ್ನೋ ಜುಲು ಗಾಯಕ ಜೊಹಾನ್ಸ್‌ಬರ್ಗ್‌ನಲ್ಲಿ 'ಎಂಬೂಬೆ' ಅನ್ನೋ ಹಾಡು ರೆಕಾರ್ಡ್ ಮಾಡಿದರು. ಎಂಬೂಬೆ ಅಂದ್ರೆ ಸಿಂಹ. ಅದು ಅಮೆರಿಕಕ್ಕೆ ಹೋಗಿ, ಉಚ್ಚಾರಣೆ ಕೆಟ್ಟು 'ವಿಮೊವೆ' ಆಯ್ತು, 1961ರಲ್ಲಿ 'ದಿ ಲಯನ್ ಸ್ಲೀಪ್ಸ್ ಟುನೈಟ್' ಆಗಿ ಜಗತ್ತಿಗೇ ಹಿಟ್ ಆಯ್ತು. ಡಿಸ್ನಿಯ 'ಲಯನ್ ಕಿಂಗ್'ನಲ್ಲಿ ನೀವೆಲ್ಲ ಕೇಳಿದ್ದೀರಿ. ಲಿಂಡಾ ತಮ್ಮ ಹಕ್ಕು ಬಿಟ್ಟುಕೊಟ್ಟಿದ್ದು ಹತ್ತು ಶಿಲ್ಲಿಂಗ್‌ಗೆ. 1962ರಲ್ಲಿ ಬಡತನದಲ್ಲೇ ಸತ್ತರು. ಕುಟುಂಬ ಕೋರ್ಟ್‌ಗೆ ಹೋಗಿ 2006ರಲ್ಲಿ ರಾಜಿ ಆಗಿ ಪಾಲು ಸಿಗೋ ಹೊತ್ತಿಗೆ ಆ ಸಿಂಹ ಅರ್ಧ ಶತಮಾನ ಬೇರೆಯವರ ಮನೆಗೆ ದುಡಿದಿತ್ತು. ಆ ಲೆಕ್ಕದ ಪಕ್ಕ ಇಟ್ಟರೆ ಸೈಮನ್ ಬ್ಯಾಲೆನ್ಸ್ ಶೀಟ್ ಎಷ್ಟೋ ಚೊಕ್ಕ.

ಪೂರ್ತಿ ಚೊಕ್ಕ ಅಂತ ಮಾತ್ರ ಹೇಳಲ್ಲ. ಶೀರ್ಷಿಕೆ ಹಾಡು 'ಗ್ರೇಸ್‌ಲ್ಯಾಂಡ್' ತಗೊಳ್ಳಿ. ಅದರಲ್ಲಿ ಬರೋ ಒಂದು ಮೈನರ್ ಕಾರ್ಡ್ ದಕ್ಷಿಣ ಆಫ್ರಿಕಾದ ಆ ಶೈಲಿಯಲ್ಲಿ ಸಾಮಾನ್ಯವಾಗಿ ಬರೋದಲ್ಲ. ಯಾಕೆ ಹಾಕಿದ್ರಿ ಅಂತ ಕೇಳಿದಾಗ ರೇ ಫಿರಿ, ನಿಮ್ಮ ಹಾಡುಗಳಲ್ಲಿ ನೀವು ಹಾಗೆ ಮಾಡ್ತೀರಲ್ಲ, ಅದನ್ನೇ ಅನುಕರಿಸಿದೆ ಅಂದರಂತೆ. ಅಂದ್ರೆ ಸೈಮನ್ ಆಫ್ರಿಕಾದ ಕಡೆ ಬರ್ತಿದ್ದಾಗ ಫಿರಿ ಈ ಕಡೆಯಿಂದ ಅಮೆರಿಕದ ಕಡೆ ನಡೆದಿದ್ದರು. ನನ್ನ ಪ್ರಕಾರ ಆಲ್ಬಂನ ಜೀವ ಇರೋದೇ ಆ ಜಾಗದಲ್ಲಿ. ಆದ್ರೆ ಆ ಹಾಡಿನ ರಚನೆಯ ಕಾಲಂನಲ್ಲಿ ಇರೋದು ಸೈಮನ್ ಒಬ್ಬರ ಹೆಸರು. ಲಾಸ್ ಏಂಜಲೀಸ್‌ನ ಲಾಸ್ ಲೋಬೋಸ್ ಬ್ಯಾಂಡು ಇನ್ನೂ ಗಟ್ಟಿಯಾಗಿ ದೂರಿತು. ಕೊನೆ ಹಾಡು ನಮ್ಮದೇ, ನಮ್ಮ ಹೆಸರಿಲ್ಲ ಅಂತ. ಸೈಮನ್ ಅದನ್ನ ಒಪ್ಪಲಿಲ್ಲ. ವಾದ್ಯ ನುಡಿಸಿದವನಿಗೆ ಕೂಲಿ ಕೊಟ್ಟರೆ ಮುಗೀತಾ, ಅಥವಾ ಅವನ ಬೆರಳಲ್ಲಿ ಹುಟ್ಟಿದ್ದಕ್ಕೆ ಪಾಲೂ ಕೊಡಬೇಕಾ? ಕೂಲಿ ಒಂದು ಸಲ ಬರುತ್ತೆ, ಪಾಲು ಮಕ್ಕಳ ಕಾಲಕ್ಕೂ ಬರ್ತಿರುತ್ತೆ. ನಮ್ಮಲ್ಲೂ ಸಿನಿಮಾ ಹಾಡಿನ ಕೆಳಗೆ 'ಸಾಹಿತ್ಯ: ಜನಪದ' ಅಂತ ಒಂದು ಸಾಲು ಹಾಕಿ ಕೈ ತೊಳ್ಕೊಳ್ತಾರಲ್ಲ. ಯಾವ ಊರಿನ ಯಾವ ಅಜ್ಜಿ ಬಾಯಿಂದ ಅದನ್ನ ಬರ್ಕೊಂಡ್ರು ಅಂತ ಯಾರೂ ಕೇಳಲ್ಲ. ಈ ವಿಷಯದಲ್ಲಿ ಸೈಮನ್ ಕಡೆ ಬೆರಳು ತೋರಿಸೋಕೆ ನಮಗೆ ಅಷ್ಟೇನೂ ಅರ್ಹತೆ ಇಲ್ಲ.

ಈಗ ಶಬಲಾಲ ಅವರ ತಂಡ. ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ. ಹೆಸರಿನ ಅರ್ಥ ಚೆನ್ನಾಗಿದೆ: ಲೇಡಿಸ್ಮಿತ್ ಅವರ ಊರು, ಬ್ಲ್ಯಾಕ್ ಅಂದ್ರೆ ಕಪ್ಪು ಎತ್ತು, ಎಲ್ಲಕ್ಕಿಂತ ಬಲಶಾಲಿ, ಮಂಬಾಜೊ ಅಂದ್ರೆ ಕೊಡಲಿ. ಹಾಡಿನ ಪಂದ್ಯಗಳಲ್ಲಿ ಎದುರಾಳಿಗಳನ್ನ ಕಡಿದು ಹಾಕ್ತಾರೆ ಅಂತ. ವಾದ್ಯ ಇಲ್ಲ, ಬರೀ ಗಂಡಸರ ಕಂಠ, ಮೆತ್ತಗೆ ಇಡೋ ಹೆಜ್ಜೆ. ಈ ಪ್ರಕಾರಕ್ಕೆ ಇಸಿಕಾತಮಿಯ ಅಂತಾರೆ. ಊರು ಬಿಟ್ಟು ಗಣಿಗೆ ದುಡಿಯೋಕೆ ಬಂದವರು ವಾರದ ಕೊನೆಗೆ ಹಾಸ್ಟೆಲ್‌ಗಳಲ್ಲಿ ಹಾಡಿ ಬೆಳೆಸಿದ್ದು. ಕಾವಲುಗಾರರಿಗೆ ಸದ್ದು ಕೇಳಬಾರದು ಅಂತ ತುದಿಗಾಲಲ್ಲಿ ಕುಣಿದರು, ಅದೇ ಶೈಲಿ ಆಯ್ತು ಅನ್ನೋ ಮಾತಿದೆ. ಇವರು ಸೈಮನ್ ಕಂಡುಹಿಡಿದ ತಂಡ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಅವರ ಮೊದಲ ಆಲ್ಬಂ 1973ರಲ್ಲೇ ಅವರ ನಾಡಲ್ಲಿ ಗೋಲ್ಡ್ ಆಗಿತ್ತು. ಸೈಮನ್ ಪಿಯಾನೋ ನುಡಿಸಿ ಒಂದು ಡೆಮೊ ಕಳಿಸಿದರು, ಶಬಲಾಲ ಅದಕ್ಕೆ ಜುಲು ಮಾತು ಸೇರಿಸಿ ತಮ್ಮ ಮೇಳಕ್ಕೆ ಒಗ್ಗಿಸಿದರು, ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಯ್ತು. ಅದೇ 'ಹೋಮ್‌ಲೆಸ್'. 1986ರ ಮೇ ತಿಂಗಳಲ್ಲಿ ಇವರೆಲ್ಲ ಅಮೆರಿಕದ ಟಿವಿಯಲ್ಲಿ 'ಸ್ಯಾಟರ್ಡೇ ನೈಟ್ ಲೈವ್' ಶೋಗೆ ಬಂದರು. ಆಲ್ಬಂ ಇನ್ನೂ ಹೊರಗೆ ಬಂದಿರಲಿಲ್ಲ, ಆ ಒಂದು ರಾತ್ರಿ ಅಮೆರಿಕದ ಮನೆಗಳಿಗೆ ಇವರ ದನಿ ತಲುಪಿತು.

ಆಲ್ಬಂ ಬಂತು, ಗೆದ್ದಿತು. 1987ರ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಂ ಪ್ರಶಸ್ತಿ. ಮಾರಾಟ ಕೋಟಿ ದಾಟಿ ಒಂದೂವರೆ ಕೋಟಿ ಪ್ರತಿಯ ಹತ್ತಿರ ಹೋಯ್ತು.

ಜಗಳವೂ ಜೋರಾಯ್ತು. ದಕ್ಷಿಣ ಆಫ್ರಿಕಾದಲ್ಲಿ 1986ರ ಜೂನ್‌ನಿಂದ ಇಡೀ ದೇಶಕ್ಕೆ ತುರ್ತು ಪರಿಸ್ಥಿತಿ, ಸಾವಿರಾರು ಜನ ಜೈಲಿಗೆ. ಈ ಆಲ್ಬಂನಲ್ಲಿ ಅದರ ಬಗ್ಗೆ ನೇರವಾಗಿ ಒಂದು ಮಾತೂ ಇಲ್ಲ. ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು ಸೈಮನ್‌ರನ್ನ ಮುಖಕ್ಕೆ ಮುಖ ಕೊಟ್ಟು ಪ್ರಶ್ನಿಸಿದರು. 1987ರ ಏಪ್ರಿಲ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಮುಂದೆ ಪ್ರತಿಭಟನೆ. ಜೆರ್ರಿ ಡ್ಯಾಮರ್ಸ್, ಬಿಲ್ಲಿ ಬ್ರ್ಯಾಗ್, ಪಾಲ್ ವೆಲ್ಲರ್ ಥರದ ಗಾಯಕರೇ ಸೈಮನ್ ಕ್ಷಮೆ ಕೇಳಬೇಕು ಅಂತ ಪಟ್ಟು ಹಿಡಿದರು. ಎಎನ್‌ಸಿ ಅಧ್ಯಕ್ಷ ಆಲಿವರ್ ಟಾಂಬೊ ಅವರ ಮಗ ಡಾಲಿ ಟಾಂಬೊ 'ಆರ್ಟಿಸ್ಟ್ಸ್ ಅಗೇನ್ಸ್ಟ್ ಅಪಾರ್ಥೈಡ್' ಸಂಘಟನೆಯ ಮುಂದಾಳು. ಅವರ ವಾದ ತೆಗೆದುಹಾಕುವಂಥದ್ದಲ್ಲ. ಬಹಿಷ್ಕಾರ ಒಂದು ಗೋಡೆ. ಒಳ್ಳೇ ಉದ್ದೇಶದಿಂದ ಒಬ್ಬ ಅದರಲ್ಲಿ ಕಿಂಡಿ ಮಾಡಿದ್ರೆ, ಕೆಟ್ಟ ಉದ್ದೇಶದ ಹತ್ತು ಜನ ಅದೇ ಕಿಂಡೀಲಿ ನುಗ್ತಾರೆ. ಯಾರು ಹೋಗಬಹುದು ಅಂತ ಹೇಳೋ ಹಕ್ಕು ಹೋರಾಡ್ತಿರೋ ಜನರದ್ದು, ಹೋಗೋನದ್ದಲ್ಲ.

ಹಾಗಾದ್ರೆ ವೇದಿಕೆ ಮೇಲಿದ್ದವರು ಏನಂದ್ರು? ಅಲ್ಲಿ ಸೈಮನ್ ಜೊತೆ ಹ್ಯೂ ಮಸಕೇಲಾ, ಮಿರಿಯಂ ಮಕೇಬಾ ಇದ್ದರು. ಮಸಕೇಲಾ 1960ರಲ್ಲೇ ದೇಶ ಬಿಟ್ಟವರು. ಮಕೇಬಾ ಪಾಸ್‌ಪೋರ್ಟ್ ರದ್ದಾಗಿ ಹೆತ್ತ ತಾಯಿಯ ಮಣ್ಣಿಗೂ ಹೋಗೋಕೆ ಆಗದವರು, 1963ರಲ್ಲಿ ವಿಶ್ವಸಂಸ್ಥೆಯಲ್ಲಿ ನಿಂತು ವರ್ಣಭೇದದ ವಿರುದ್ಧ ಮಾತಾಡಿದವರು. ಇವರಿಗೆ ಹೋರಾಟದ ಪಾಠ ಹೇಳೋರು ಯಾರು? ಅವರಿಬ್ಬರೂ ಸೈಮನ್ ಪಕ್ಕ ನಿಂತರು. 1987ರ ಫೆಬ್ರವರಿಯಲ್ಲಿ ಪಕ್ಕದ ಜಿಂಬಾಬ್ವೆಯ ಹರಾರೆಯಲ್ಲಿ ಕಛೇರಿ ಆಯ್ತು. ತಮ್ಮ ನೆಲಕ್ಕೆ ಕಾಲಿಡೋಕೆ ಆಗದವರು ಅದರ ಗಡಿಯಾಚೆ ನಿಂತು ಹಾಡಿದರು. ಆ ವಿಡಿಯೋ ಹುಡುಕಿ ನೋಡಿ, ಕಪ್ಪು ಬಿಳಿ ಜನ ಒಂದೇ ಮೈದಾನದಲ್ಲಿ ಕುಣೀತಿದ್ದಾರೆ.

ಇನ್ನು ರೇ ಫಿರಿ. ಲಂಡನ್‌ನಲ್ಲಿ ಅವರನ್ನ ಕರೆಸಿ, ಇದನ್ನ ಬಿಟ್ಟು ಮನೆಗೆ ಹೋಗಿ ಅಂದಾಗ ಅವರ ಉತ್ತರದ ಭಾವ ಇದು: ನಾವು ಮೊದಲೇ ಬಲಿಯಾದವರು, ನಮ್ಮನ್ನ ಎರಡನೇ ಸಲ ಬಲಿ ಹಾಕೋದು ಯಾವ ನ್ಯಾಯ? ಈ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಬಹಿಷ್ಕಾರ ಪ್ರಿಟೋರಿಯಾದ ಸಚಿವನಿಗೆ ತಟ್ಟೋ ಮೊದಲು ಗ್ಯಾರೇಜಲ್ಲಿ ಕೆಲಸ ಮಾಡೋ ಬೇಸ್ ವಾದಕನಿಗೆ ತಟ್ಟುತ್ತೆ. ಸಪ್ಲೈ ಚೈನ್‌ನಲ್ಲಿ ಕೆಳಗಿರೋನಿಗೆ ಏಟು ಮೊದಲು. ಹಾಗಂತ ಬಹಿಷ್ಕಾರ ತಪ್ಪು ಅಂತಲೂ ನಾನು ಹೇಳಲ್ಲ, ಡೇವಿಸ್ ಕಪ್ ಬಿಟ್ಟಿದ್ದು ಸರಿ ಅಂತಲೇ ಈಗಲೂ ನಂಬ್ತೀನಿ. ನನ್ನ ಅಭಿಪ್ರಾಯ ಕೇಳಿದ್ರೆ, ಹೋಗಿದ್ದು ಸರಿ, ಕೇಳದೇ ಹೋಗಿದ್ದು ತಪ್ಪು. ಬೆಲಫಾಂಟೆ ಹೇಳಿದ ಒಂದು ಫೋನ್ ಕರೆ ಮಾಡಿದ್ರೆ ಸೈಮನ್‌ಗೆ ಆಗ್ತಿದ್ದ ನಷ್ಟ ಸ್ವಲ್ಪ ಅಹಂಕಾರ ಅಷ್ಟೆ. ಆ ಕರೆ ಮಾಡದೇ ಇದ್ದದ್ದರ ಬಿಸಿ ಫಿರಿ, ಕುಮಾಲೊ, ಮಸಕೇಲಾ ಎಲ್ಲರೂ ಊರೂರಲ್ಲಿ ಅನುಭವಿಸಿದರು.

ಎಎನ್‌ಸಿಯೂ ಇದ್ದಲ್ಲೇ ಇರಲಿಲ್ಲ. 1987ರ ಮೇ ತಿಂಗಳಲ್ಲಿ, ಅಂದ್ರೆ ಆಲ್ಬರ್ಟ್ ಹಾಲ್ ಗಲಾಟೆ ಆಗಿ ತಿಂಗಳಾಗಿತ್ತಷ್ಟೆ, ಆಲಿವರ್ ಟಾಂಬೊ ಒಂದು ಉಪನ್ಯಾಸದಲ್ಲಿ, ಜನರ ಪರವಾಗಿ ಇರೋ ಕಲೆಗೂ ಸರ್ಕಾರದ ಪರ ಇರೋದಕ್ಕೂ ವ್ಯತ್ಯಾಸ ಮಾಡಬೇಕು ಅನ್ನೋ ಕಡೆ ವಾಲಿದರು. ಸಾರಾಸಗಟು ಬಹಿಷ್ಕಾರ ಆಮೇಲೆ ನಿಧಾನಕ್ಕೆ ಸಡಿಲ ಆಯ್ತು. 1990ರಲ್ಲಿ ಮಂಡೇಲಾ ಬಿಡುಗಡೆ. ಅದೇ ವರ್ಷ ಮಕೇಬಾ ಮೂವತ್ತು ವರ್ಷದ ಮೇಲೆ ಮನೆಗೆ ವಾಪಸ್. 1991ರ ಕೊನೆಗೆ ವಿಶ್ವಸಂಸ್ಥೆ ಸಾಂಸ್ಕೃತಿಕ ಬಹಿಷ್ಕಾರ ತೆಗೀತು. 1992ರ ಜನವರಿಯಲ್ಲಿ ಸೈಮನ್ ಜೊಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್‌ನಲ್ಲಿ ಹಾಡಿದರು, ಈ ಸಲ ಎಎನ್‌ಸಿ ಒಪ್ಪಿಗೆ ಇತ್ತು. ಆದರೂ ಕಛೇರಿಗೆ ಕೆಲ ದಿನ ಮುಂಚೆ, ಇದನ್ನ ಒಪ್ಪದ ಇನ್ನೊಂದು ಗುಂಪಿನ ಕಡೆಯವರು ವ್ಯವಸ್ಥಾಪಕರ ಆಫೀಸಿಗೆ ಗ್ರೆನೇಡ್ ಎಸೆದರು.

ಡಾಲಿ ಟಾಂಬೊ, ಸೈಮನ್ ಇಬ್ಬರೂ ಕೊನೆಗೂ ಎದುರುಬದುರು ಕೂತರು, 25 ವರ್ಷ ಆದ ಮೇಲೆ. 'ಅಂಡರ್ ಆಫ್ರಿಕನ್ ಸ್ಕೈಸ್' ಅನ್ನೋ 2012ರ ಸಾಕ್ಷ್ಯಚಿತ್ರದಲ್ಲಿದೆ. ಇಬ್ಬರೂ ತಮ್ಮ ತಮ್ಮ ಮಾತು ಬಿಟ್ಟುಕೊಡಲ್ಲ. ಆಮೇಲೆ ತಬ್ಬಿಕೊಳ್ತಾರೆ.

ಲೇಡಿಸ್ಮಿತ್ ತಂಡಕ್ಕೆ ಈ ಆಲ್ಬಂ ಬಾಗಿಲು ತೆಗೀತು, ನಿಜ. ಆದರೆ ಒಳಗೆ ನಡೆದಿದ್ದು ಅವರೇ. ಅವರ 'ಶಾಕಾ ಜುಲು' ಆಲ್ಬಂಗೆ 1988ರಲ್ಲಿ ಗ್ರ್ಯಾಮಿ ಬಂತು. ಮಂಡೇಲಾ 1993ರಲ್ಲಿ ನೊಬೆಲ್ ತಗೊಳ್ಳೋಕೆ ಓಸ್ಲೋಗೆ ಹೋದಾಗ ಜೊತೆಗೆ ಇವರನ್ನೇ ಕರ್ಕೊಂಡು ಹೋದರು. ಮರುವರ್ಷ ಅಧ್ಯಕ್ಷರಾಗಿ ಪ್ರಮಾಣ ವಚನ ಸ್ವೀಕರಿಸಿದಾಗಲೂ ಹಾಡಿದ್ದು ಇವರೇ. ರೇ ಫಿರಿ 2017ರಲ್ಲಿ, ಮಸಕೇಲಾ 2018ರಲ್ಲಿ, ಜೋಸೆಫ್ ಶಬಲಾಲ 2020ರಲ್ಲಿ ತೀರಿಕೊಂಡರು. ಮಂಬಾಜೊ ಇನ್ನೂ ಹಾಡ್ತಿದೆ.

ಆಲ್ಬಂ ಕೇಳೋರಿಗೆ ಒಂದು ಸಲಹೆ. ಶಫಲ್ ಹಾಕಬೇಡಿ, ಮೊದಲ ಹಾಡಿಂದಲೇ ಶುರು ಮಾಡಿ. ಸೈಮನ್ ದನಿ ಬರೋಕೆ ಮುಂಚೆ ಒಂದು ಅಕಾರ್ಡಿಯನ್ ಕೇಳಿಸುತ್ತೆ, ಅದರ ಬೆನ್ನಿಗೇ ಬಾಗಿಲು ಗುದ್ದಿದ ಹಾಗೆ ಡ್ರಮ್ಸ್. ಆ ಅಕಾರ್ಡಿಯನ್ ನುಡಿಸಿದವರೇ ಫೊರೆರೆ ಮೊಟ್ಲೊಹೆಲೊವಾ. ಹಾಡಿನ ಕ್ರೆಡಿಟ್ಸ್ ತೆಗೆದು ನೋಡಿ, ಹೆಸರಿದೆ.